ಗೋಡೆ ಮೇಡಂ ಎದ್ದು ಬಂದದ್ದು

ಮಕ್ಕಳಿರುವ ಕೋಣೆಗೆ ಹೊರಗಿನ ದೊಡ್ಡವರೊಬ್ಬರು ಹೋಗಿ ಕೂತರೆ ಅದು ಮೊದಲಿನ ಕೋಣೆಯಾಗಿ ಉಳಿಯುವುದಿಲ್ಲ. ಅಳುವ ಮಗು ಅಳು ನಿಲ್ಲಿಸಿ ಮಿಕಮಿಕ ನೋಡುತ್ತದೆ, ಹಟ ಮಾಡುವ ಮಗು ಇನ್ನಷ್ಟು ಹಟ ಹಿಡಿಯುತ್ತದೆ, ನೋಡಿಕೊಳ್ಳುವ ಹೆಂಗಸು ಗಂಟಲಿಗೆ ಬೆಲ್ಲ ಸವರಿಕೊಂಡು ಮಾತಾಡಲು ಶುರುಮಾಡುತ್ತಾಳೆ. ಆದ್ದರಿಂದ ಡೇ ಕೇರ್‌ಗಳ ತಪಾಸಣೆಗೆ ಹೋಗುವವರು ಮೊದಲು ಕಲಿಯಬೇಕಾದ ವಿದ್ಯೆಯೆಂದರೆ ಇದ್ದೂ ಇಲ್ಲದಂತಿರುವುದು. ಈ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಕಚೇರಿಯಲ್ಲಿ ಯಾರೂ ಇರಲಿಲ್ಲ.

ಗೋಡೆಗೆ ಬೆನ್ನು ಕೊಟ್ಟು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಬಣ್ಣ ಮಾಸಿದ ಬಟ್ಟೆ, ಸದ್ದು ಮಾಡದ ಚಪ್ಪಲಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ, ಕುತ್ತಿಗೆಯಲ್ಲಿ ನೇತಾಡುವ ಸ್ಟಾಪ್‌ವಾಚು. ಮಕ್ಕಳು ಬಂದು ನೀನ್ಯಾರು ಎಂದರೆ ಉತ್ತರವಿಲ್ಲ. ಗೊಂಬೆ ತಂದು ಮಡಿಲಿಗೆ ಹಾಕಿದರೆ ನಗುವಿಲ್ಲ. ಸ್ವಲ್ಪ ಹೊತ್ತಿಗೆ ಅವಕ್ಕೆ ಬೇಜಾರಾಗಿ ಅವಳನ್ನು ಮರೆತೇಬಿಡುತ್ತಿದ್ದವು. ಒಮ್ಮೆ ಒಬ್ಬ ಪೋರ ಆಟದ ಲಾರಿಯನ್ನು ಅವಳ ಪಾದದಿಂದ ಮಂಡಿಯವರೆಗೆ ಹತ್ತಿಸಿ, ಅಲ್ಲಿ ಹಾರ್ನ್ ಹೊಡೆದು, ತಿರುಗಿಸಿಕೊಂಡು ಇಳಿಸಿದ್ದ. ಅವಳು ಕಣ್ಣು ಮಿಟುಕಿಸಿರಲಿಲ್ಲ. ಅಂದಿನಿಂದ ಕಚೇರಿಯಲ್ಲಿ ಅವಳು ಗೋಡೆ ಮೇಡಂ. ಎದುರು ಮೇಜಿನ ಗುಮಾಸ್ತ ಹೊಸಬರಿಗೆ ಪರಿಚಯ ಮಾಡಿಸುವಾಗ, ಗೋಡೆಗೂ ಕಿವಿಯಿರುತ್ತೆ ಅಂತಾರೆ, ನಮ್ಮ ಗೋಡೆಗೆ ಕಣ್ಣೂ ಇವೆ ಎನ್ನುತ್ತಿದ್ದ. ಅವಳಿಗೆ ಒಳಗೊಳಗೇ ಹಿಗ್ಗು.

ಕಾಲೇಜಿನಲ್ಲಿ ಅವಳು ಓದಿದ್ದು ಪ್ರಾಣಿಶಾಸ್ತ್ರ. ಹಕ್ಕಿಗೂಡುಗಳೆದುರು ಮೈಯೆಲ್ಲ ಕಣ್ಣಾಗಿ ಕೂತು, ತಾಯಿ ಹಕ್ಕಿ ಯಾವ ಮರಿಗೆ ಮೊದಲು ಗುಟುಕು ಕೊಡುತ್ತದೆ ಎಂದು ಬರೆದುಕೊಂಡವಳು. ಮರಿ ಗೂಡಿನಿಂದ ಬಿದ್ದರೂ ಎತ್ತಿಡಬಾರದು, ಎತ್ತಿಟ್ಟ ಮರಿ ಇಡೀ ಲೆಕ್ಕವನ್ನು ಕೆಡಿಸುತ್ತದೆ ಎಂಬುದು ಅಲ್ಲಿಯ ನಿಯಮ. ಅವಳು ಎತ್ತಿಟ್ಟಿರಲಿಲ್ಲ, ಅದಕ್ಕೆ ಮೇಷ್ಟ್ರಿಂದ ಶಹಭಾಸ್ ಎನ್ನಿಸಿಕೊಂಡಿದ್ದಳು. ಈಗಿನ ಕೆಲಸದ ಕೈಪಿಡಿಯಲ್ಲಿ ಮಾತ್ರ ಒಂದು ಸಾಲು ಬೇರೆಯಿತ್ತು: ಮಗುವಿಗೆ ಅಪಾಯ ಕಂಡರೆ ನೋಡುವುದನ್ನು ಬಿಟ್ಟು ಏಳಬೇಕು. ಹೊಸಬರಿಗೆ ಪಾಠ ಹೇಳುವಾಗ ಆ ಸಾಲನ್ನು ಅವಳೇ ಓದುತ್ತಿದ್ದಳು. ಔಷಧದ ಸೀಸೆಯ ಮೇಲಿನ ಎಚ್ಚರಿಕೆ ಓದುವ ಹಾಗೆ ಓದಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು.

ಆ ದಿನ ಅವಳು ಹೋದ ಡೇ ಕೇರ್ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಮನೆಯಲ್ಲಿತ್ತು. ನಡೆಸುವವರು ವಯಸ್ಸಾದ ಹೆಂಗಸು, ಮಕ್ಕಳಿಂದ ಹಿಡಿದು ಪಂಕ್ಚರ್ ಹಾಕುವವನವರೆಗೆ ಎಲ್ಲರಿಗೂ ದೊಡ್ಡಮ್ಮ. ಜೊತೆಗೆ ಕೆಲಸಕ್ಕಿದ್ದ ಹುಡುಗಿಯನ್ನು ಮಕ್ಕಳು ಚಿಕ್ಕಮ್ಮ ಎನ್ನುತ್ತಿದ್ದವು. ದೊಡ್ಡಮ್ಮ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವರು. ಚಿಕ್ಕಮ್ಮನಿಗೆ ಸಿಟ್ಟು ಎಲ್ಲಿಟ್ಟಿದ್ದೇನೆ ಎಂಬುದೇ ಮರೆತುಹೋದಂತಿತ್ತು.

ಬೆಳಗ್ಗೆ ಮಕ್ಕಳು ಬರುವ ಮೊದಲೇ ಅವಳು ಕೆಲಸ ಶುರುಮಾಡಿದ್ದಳು. ನಲ್ಲಿಯ ಬಿಸಿನೀರಿಗೆ ಥರ್ಮಾಮೀಟರ್ ಅದ್ದಿದಳು. ಮಗುವಿನ ಗಂಟಲಿನಷ್ಟೇ ಅಗಲದ ಕೊಳವೆಯೊಳಗೆ ಆಟಿಕೆಗಳನ್ನು ಒಂದೊಂದಾಗಿ ಹಾಕಿ, ಯಾವುದೂ ಪೂರ್ತಿ ಒಳಗಿಳಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಔಷಧದ ಕಪಾಟು ಎತ್ತರದಲ್ಲಿತ್ತು, ಬೀಗ ಬಿದ್ದಿತ್ತು. ಒದ್ದೆ ಚಡ್ಡಿ ಬದಲಿಸುವ ಜಾಗಕ್ಕೂ ಊಟದ ಜಾಗಕ್ಕೂ ನಡುವೆ ಗೋಡೆಯಿತ್ತು. ಒಂದೇ ಒಂದು ಕಡೆ ಅವಳ ಪೆನ್ನು ನಿಂತಿತು. ಆಟದ ಕೋಣೆಯಿಂದ ಬಚ್ಚಲಿಗೆ ಹೋಗುವ ಬಾಗಿಲು ಸ್ಪ್ರಿಂಗಿನದು, ಬಿಟ್ಟರೆ ತಾನೇ ಬಡಿದುಕೊಂಡು ಮುಚ್ಚುವಂಥದು. ಕೀಲಿನ ಕಡೆಯ ಸಂದಿಗೆ ಹೊಡೆದಿದ್ದ ರಬ್ಬರ್ ಪಟ್ಟಿ ಹರಿದು ಜೋತಾಡುತ್ತಿತ್ತು. ಕೇಳಿದ್ದಕ್ಕೆ ದೊಡ್ಡಮ್ಮ, ಬಡಗಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು, ನಾಳೆ ಬರ್ತೀನಿ ಅಂತಾನೆ, ಅವನ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇಲ್ಲ ಎಂದರು. ಅವಳು ಅದನ್ನು ಬರೆದುಕೊಂಡಳು. ಆ ಬಾಗಿಲ ಮೇಲೆ ಒಂದು ಕಣ್ಣಿರಲಿ ಎಂದು ಸ್ಟೂಲನ್ನು ಅದರ ಪಕ್ಕಕ್ಕೇ ಎಳೆದುಕೊಂಡು ಕೂತಳು.

ಮಧ್ಯಾಹ್ನದವರೆಗೆ ಚಿಕ್ಕಮ್ಮನನ್ನು ನೋಡಿದಳು. ಮಕ್ಕಳೊಡನೆ ಮಾತಾಡುವಾಗ ಆಕೆ ಮಂಡಿಯೂರುತ್ತಿದ್ದಳು, ಮೇಲಿನಿಂದ ಮಾತು ಉದುರಿಸುತ್ತಿರಲಿಲ್ಲ. ಕಚ್ಚಿದ ಮಗುವನ್ನು ಬೈಯುವ ಮೊದಲು ಕಚ್ಚಿಸಿಕೊಂಡ ಮಗುವನ್ನು ಎತ್ತಿಕೊಂಡಳು. ದುಂಡು ಕನ್ನಡಕದ ಒಬ್ಬ ಹುಡುಗನಿದ್ದ, ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವನು ಯಾರ ಕೈಯಲ್ಲೂ ಉಣ್ಣುವುದಿಲ್ಲ ಎಂದು ಹಟ ಹಿಡಿದಾಗ, ಸರಿ ಮೇಷ್ಟ್ರೇ, ನೀವೇ ನನಗೆ ಉಣಿಸಿ ಎಂದು ಬಾಯಿ ತೆರೆದು ಕೂತಳು. ಒಂದು ತುತ್ತು ಅವಳಿಗೆ, ಒಂದು ತನಗೆ, ಹೀಗೆ ತಟ್ಟೆ ಖಾಲಿಯಾಯಿತು. ಇಂಥವಳು ಸಾವಿರಕ್ಕೊಬ್ಬಳು ಎಂದುಕೊಂಡ ಗೋಡೆ ಮೇಡಂಗೆ ಅವಳಿಗೆ ಪೂರ್ತಿ ಅಂಕ ಕೊಡಬೇಕೆನ್ನಿಸಿತು.

ಕೊಡಲು ಒಂದೇ ತೊಡಕಿತ್ತು. ಮಗುವಿಗೆ ಅಪಾಯ ಎದುರಾದಾಗ ನೋಡಿಕೊಳ್ಳುವವರು ಅದನ್ನು ಎಷ್ಟು ಬೇಗ ಗಮನಿಸುತ್ತಾರೆ ಎಂಬುದಕ್ಕೆ ಕಣ್ಣಾರೆ ಕಂಡ ಒಂದು ನಿದರ್ಶನ ಬೇಕು. ಹಿಂದಿನ ಎರಡು ಡೇ ಕೇರ್‌ಗಳಲ್ಲಿ ಅವಳು ತಾನೇ ಮೊದಲು ಎದ್ದುಬಿಟ್ಟಿದ್ದಳು. ಒಂದು ಕಡೆ ಮಗು ಕುರ್ಚಿ ಹತ್ತಿತ್ತು, ಇನ್ನೊಂದು ಕಡೆ ಕತ್ತರಿ ಹಿಡಿದಿತ್ತು. ಎರಡೂ ಕಡೆ ಹಾಳೆಯಲ್ಲಿ ಆ ನಿದರ್ಶನದ ಜಾಗ ಖಾಲಿ ಉಳಿಯಿತು. ಕಚೇರಿಯ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, ಮೇಡಂ, ನಿಮ್ಮನ್ನ ಮಕ್ಕಳನ್ನು ಆಡಿಸೋಕೆ ಕಳಿಸಿಲ್ಲ ಎಂದಿದ್ದರು. ಆ ಮಾತು ಅವಳಿಗೆ ಚುಚ್ಚಿತ್ತು.

ಊಟವಾದ ಮೇಲೆ ದೊಡ್ಡಮ್ಮ ಒಳಕೋಣೆಯಲ್ಲಿ ಕೂಸೊಂದಕ್ಕೆ ಬಟ್ಟೆ ಬದಲಿಸುತ್ತಿದ್ದರು. ಆಟದ ಕೋಣೆಯ ಆ ತುದಿಯಲ್ಲಿ ಒಂದು ಮಗು ಉಂಡದ್ದನ್ನೆಲ್ಲ ಕಕ್ಕಿತು. ಚಿಕ್ಕಮ್ಮ ಓಡಿ ಅದನ್ನು ಮಡಿಲಿಗೆ ಬಗ್ಗಿಸಿಕೊಂಡು ಬೆನ್ನು ಸವರುತ್ತ, ಇನ್ನೊಂದು ಕೈಯಲ್ಲಿ ನೆಲ ಒರೆಸತೊಡಗಿದಳು. ಈ ತುದಿಯಲ್ಲಿ ಮೇಷ್ಟ್ರು ಬಚ್ಚಲ ಬಾಗಿಲಿಗೆ ಬೆನ್ನು ಒತ್ತಿ ಅದನ್ನು ತೆರೆದಿಟ್ಟುಕೊಂಡು ನಿಂತಿದ್ದ. ಬಾಗಿಲ ಕೀಲಿನ ಬಳಿ, ಗುಬ್ಬಿ ಎಂದು ಎಲ್ಲರೂ ಕರೆಯುವ ಪುಟ್ಟ ಹುಡುಗಿ ಕುಕ್ಕರುಗಾಲಲ್ಲಿ ಕೂತು ಸಂದಿಯಿಂದ ಅವನನ್ನು ಇಣುಕಿ ನೋಡಿ ಕಿಲಕಿಲ ನಗುತ್ತಿದ್ದಳು. ಇಣುಕಿದ್ದು ಸಾಲದಾಯಿತು. ಮೊದಲು ಒಂದು ಬೆರಳು, ಆಮೇಲೆ ಬೆರಳುಗಳೆಲ್ಲ ಸಂದಿಯೊಳಗೆ ಹೋದವು.

ಗೋಡೆ ಮೇಡಂ ಅದನ್ನು ನೋಡಿದಳು. ಹುಡುಗ ಒಂದು ಹೆಜ್ಜೆ ಮುಂದಿಟ್ಟರೆ ಬಾಗಿಲು ಮುಚ್ಚುತ್ತದೆ, ಮುಚ್ಚಿದರೆ ಆ ಸಂದಿ ಇರುವುದಿಲ್ಲ ಎಂಬುದೂ ಅವಳಿಗೆ ತಿಳಿದಿತ್ತು. ಕೂತಲ್ಲಿಂದಲೇ ಒಮ್ಮೆ ಬಾಗಿ ಕೈ ಚಾಚಿದ್ದರೆ ಆ ಬೆರಳುಗಳು ಸಿಗುತ್ತಿದ್ದವು. ಅವಳ ಕೈ ಚಾಚಲಿಲ್ಲ, ಕುತ್ತಿಗೆಯ ಸ್ಟಾಪ್‌ವಾಚಿನ ಗುಂಡಿ ಒತ್ತಿತು.

ಚಿಕ್ಕಮ್ಮ ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡಿ ಮತ್ತೆ ಬಗ್ಗಿದಳು. ನೋಡಿದರೂ ಗಮನಿಸಲಿಲ್ಲ ಎಂದು ಗೋಡೆ ಮೇಡಂ ಮನಸ್ಸಿನಲ್ಲೇ ಬರೆದುಕೊಂಡಳು. ಇನ್ನೊಮ್ಮೆ ನೋಡುತ್ತಾಳೆ, ಇಂಥ ಹುಡುಗಿ ನೋಡದೆ ಇರುವುದಿಲ್ಲ, ನೋಡಿ ಓಡಿ ಬರುತ್ತಾಳೆ, ಆಗ ಪೂರ್ತಿ ಅಂಕ ಎಂದು ಕಾದಳು. ಆ ಹೊತ್ತಿನಲ್ಲಿ ಗುಬ್ಬಿ ತಿರುಗಿ ಅವಳ ಮುಖ ನೋಡಿತು. ಪಕ್ಕದಲ್ಲೊಬ್ಬರು ದೊಡ್ಡವರಿದ್ದಾರೆ, ಬೇಡ ಎನ್ನುತ್ತಿಲ್ಲ, ಹಾಗಿದ್ದರೆ ಸರಿಯೇ ಎನ್ನುವಂಥ ನೋಟ. ಗೋಡೆ ಮೇಡಂ ಅಭ್ಯಾಸದಂತೆ ಕಣ್ಣನ್ನು ಬೇರೆಡೆಗೆ ತಿರುಗಿಸಿದಳು.

ಹುಡುಗ ಹೆಜ್ಜೆ ಮುಂದಿಟ್ಟ.

ಮೊದಲು ಮಗು ಅಳಲಿಲ್ಲ. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗಿ ಹೊರಗೆ ಬರುವುದನ್ನೇ ಮರೆತಿತ್ತು. ಕೂಗು ಹೊರಬರುವ ಹೊತ್ತಿಗೆ ಗೋಡೆ ಮೇಡಂ ಎದ್ದು ಬಾಗಿಲು ತಳ್ಳಿ ಹಿಡಿದಾಗಿತ್ತು. ಮಗುವನ್ನು ಎತ್ತಿಕೊಂಡವಳು ಅವಳೇ, ತನ್ನ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬೀದಿಗೆ ಓಡಿದವಳು ಅವಳೇ, ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡವಳೂ ಅವಳೇ. ಸೈಕಲ್ ಅಂಗಡಿಯವನು, ಮೇಡಂ ಎಷ್ಟು ಚುರುಕು ನೋಡಿ ಎಂದು ಹಿಂದಿನಿಂದ ಹೇಳಿದ್ದು ಕೇಳಿಸಿತು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಕುತ್ತಿಗೆಗೆ ಕೈಹಾಕಿದಳು. ಸ್ಟಾಪ್‌ವಾಚು ಇನ್ನೂ ಓಡುತ್ತಿತ್ತು. ನಿಲ್ಲಿಸಲು ಹೆಬ್ಬೆರಳು ಏಳಲಿಲ್ಲ. ಅದನ್ನು ತೆಗೆದು ಚೀಲದ ಅಡಿಗೆ ಹಾಕಿದಳು, ಯಾರದೋ ಮನೆಯಿಂದ ಕದ್ದು ತಂದ ವಸ್ತುವಿನ ಹಾಗೆ.

ಗುಬ್ಬಿಯ ಅಪ್ಪ ಬಸ್ ಡ್ರೈವರ್. ಬಸ್ಸನ್ನು ಡಿಪೋದಲ್ಲಿ ಬಿಟ್ಟು ಯೂನಿಫಾರಂನಲ್ಲೇ ಬಂದ. ಡಾಕ್ಟರು, ಮೂಳೆ ಉಳಿದಿದೆ, ಎರಡು ಬೆರಳ ತುದಿಗೆ ಹೊಲಿಗೆ ಹಾಕಿದ್ದೇವೆ, ಒಂದರ ಉಗುರು ಮತ್ತೆ ಬರುವುದು ಅನುಮಾನ ಎಂದರು. ಅವನು ಎಲ್ಲ ಕೇಳಿಸಿಕೊಂಡು ಹೊರಗೆ ಬಂದು ಗೋಡೆ ಮೇಡಂ ಮುಂದೆ ನಿಂತ.

"ನೀವಿರದಿದ್ರೆ ಏನಾಗ್ತಿತ್ತೋ ಮೇಡಂ. ನಿಮ್ಮ ಋಣ ತೀರಿಸೋಕೆ ಆಗಲ್ಲ."

ಅವಳಿಗೆ ಕಾಲಡಿಯ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಪರವಾಗಿಲ್ಲ ಎನ್ನುವುದು ಬಾಯಿಗೆ ಬಂತು; ಆ ಮಾತು ಎಷ್ಟು ಹೊಲಸು ಎಂದು ತೋರಿ ನುಂಗಿಕೊಂಡಳು. ತಲೆಯಾಡಿಸಿ ಹೊರಟುಬಂದಳು.

ಮನೆಯಲ್ಲಿ ಅವಳೂ ಅಕ್ಕನೂ ಇಬ್ಬರೇ. ಅಕ್ಕ ಮುಂಭಾಗದ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಊರ ಸುದ್ದಿಯನ್ನೆಲ್ಲ ಮಾತಾಡಬಲ್ಲವಳು. ದುಪಟ್ಟಾದ ಮೇಲಿನ ರಕ್ತ ನೋಡಿ ಗಾಬರಿಯಾದಳು. ನಡೆದದ್ದನ್ನು ಕೇಳಿ, ಪಾಪ ಕೂಸು, ನೋಡಿಕೊಳ್ಳೋ ಹುಡುಗಿಗೆ ಕಣ್ಣು ಎಲ್ಲಿತ್ತಂತೆ ಎಂದು ಚಿಕ್ಕಮ್ಮನಿಗೆ ಬೈದಳು. ತಂಗಿ ದುಪಟ್ಟಾ ಕಳಚಿ ಕೊಟ್ಟಳು. ಅದನ್ನು ತಣ್ಣೀರಿನಲ್ಲಿ ನೆನೆಹಾಕಿದ ಅಕ್ಕ, ಸದ್ಯ ನೀನಿದ್ದೆ ಎಂದಳು. ಇದೇ ಮಾತು ಎಲ್ಲರ ಬಾಯಲ್ಲೂ. ಹೊಗಳಿಕೆ ಹೀಗೆ ಮೈ ಸುಡುತ್ತದೆಂದು ಅವಳಿಗೆ ಮೊದಲು ಗೊತ್ತಿರಲಿಲ್ಲ.

ಮರುದಿನ ವರದಿ ಬರೆದಳು. ಬಾಗಿಲ ಪಟ್ಟಿ ಹರಿದಿತ್ತು, ನಿಜ. ಪಾಲಕಿ ಬಾಗಿಲ ಕಡೆ ನೋಡಿದರೂ ಮಗುವಿನ ಬೆರಳನ್ನು ಗಮನಿಸಲಿಲ್ಲ, ನಿಜ. ಪೆಟ್ಟಾದ ಕೂಡಲೇ ಮಗುವನ್ನು ಆಸ್ಪತ್ರೆಗೆ ಒಯ್ಯಲಾಯಿತು, ಅದೂ ನಿಜ. ಎರಡು ಸಲ ಓದಿದಳು. ಒಂದು ಸುಳ್ಳೂ ಇರಲಿಲ್ಲ. ಇಂಥ ವರದಿಯನ್ನು ಕಚೇರಿಯ ಹೊಸಬರು ಯಾರಾದರೂ ತಂದಿದ್ದರೆ, ನೋಡಿದವರು ಎಲ್ಲಿ ಕೂತಿದ್ದರು ಎಂದು ಅವಳೇ ಮೊದಲು ಕೇಳುತ್ತಿದ್ದಳು. ಈಗ ಕೇಳುವವರು ಯಾರೂ ಇರಲಿಲ್ಲ. ಸಾಹೇಬರಿಗೆ ಒಪ್ಪಿಸಿದಳು.

ಸಾಹೇಬರು ಓದಿ, ಸ್ಪಷ್ಟವಾಗಿದೆ ಎಂದರು. ಬಾಗಿಲು ಸರಿಮಾಡಿದರೆ ಡೇ ಕೇರ್ ನಡೆಯಬಹುದು. ಆದರೆ ಮೈಮರೆತ ಹುಡುಗಿಯ ಪರವಾನಗಿ ರದ್ದಾಗುತ್ತದೆ, ಅವಳಿಗೆ ಇನ್ನು ಯಾವ ಊರಿನಲ್ಲೂ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಗುವುದಿಲ್ಲ. ನಿಯಮದ ಪ್ರಕಾರ ಮಗುವಿನ ಮನೆಯವರ ಮತ್ತು ಡೇ ಕೇರ್‌ನವರ ಎದುರು ವರದಿಯನ್ನು ಓದಿ ಹೇಳಬೇಕು. ಅದಕ್ಕೂ ಮೊದಲು ಹುಡುಗಿಯ ಹೇಳಿಕೆ ಬರೆದುಕೊಂಡು ಬನ್ನಿ ಎಂದು ಕಳಿಸಿದರು.

ಚಿಕ್ಕಮ್ಮ ಡೇ ಕೇರ್‌ನಲ್ಲಿರಲಿಲ್ಲ. ದೊಡ್ಡಮ್ಮ ಅವಳನ್ನು ಅಂದೇ ಮನೆಗೆ ಕಳಿಸಿದ್ದರು. ಕಳಿಸಿದ್ದಕ್ಕೆ ತಮ್ಮ ಮೇಲೇ ಸಿಟ್ಟಾದಂತೆ ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಹೊಡೆಯುತ್ತಿದ್ದ ಬಡಗಿಯನ್ನು ವಾಚಾಮಗೋಚರ ಬೈಯುತ್ತಿದ್ದರು. ವಿಳಾಸ ಹಿಡಿದು ಹೋದರೆ, ಮೂರು ಮಹಡಿಯ ಕಟ್ಟಡದ ಮೇಲಿನ ಒಂದು ಕೋಣೆ. ಚಿಕ್ಕಮ್ಮನ ಕಣ್ಣು ಊದಿತ್ತು. ಒಂದೇ ಕುರ್ಚಿಯಿತ್ತು, ಅದನ್ನು ಒರೆಸಿ ಅವಳಿಗೆ ಕೊಟ್ಟು ತಾನು ಮಂಚದ ಅಂಚಿಗೆ ಕೂತಳು. ಮೊದಲು ಕೇಳಿದ್ದು ಗುಬ್ಬಿಯ ಬೆರಳು ಹೇಗಿದೆ ಎಂದು. ಎರಡನೆಯದಾಗಿ, ಮೇಷ್ಟ್ರು ಊಟ ಮಾಡುತ್ತಿದ್ದಾನಾ ಎಂದು. ತಾನು ಬಾಗಿಲು ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಅವನು ಮನಸ್ಸಿಗೆ ಹಚ್ಚಿಕೊಂಡಿರುತ್ತಾನೆ, ಯಾರಾದರೂ ಅವನಿಗೆ ನಿನ್ನ ತಪ್ಪಲ್ಲ ಎಂದು ಹೇಳಬೇಕು ಎಂದಳು.

ಗೋಡೆ ಮೇಡಂ ಪೆನ್ನು ತೆಗೆದು, ಬಾಗಿಲ ಕಡೆ ಒಮ್ಮೆ ನೋಡಿದೆಯಲ್ಲ, ಆಗ ಏನು ಕಂಡಿತು ಎಂದು ಕೇಳಿದಳು.

ಚಿಕ್ಕಮ್ಮ ಯೋಚಿಸಿದಳು. ದೂರುವ ದನಿಯಲ್ಲಲ್ಲ, ಗಣಿತದ ಲೆಕ್ಕದಲ್ಲಿ ತಾನು ಎಲ್ಲಿ ತಪ್ಪಿದೆ ಎಂದು ಹುಡುಕುವವರ ಹಾಗೆ ಹೇಳಿದಳು.

"ನೀವು ಕಾಣಿಸಿದ್ರಿ ಮೇಡಂ. ಬಾಗಿಲ ಪಕ್ಕಾನೇ ಕೂತಿದ್ರಲ್ಲ. ನೀವಿದೀರ ಅಂತ ಧೈರ್ಯವಾಗಿ ತಲೆ ಬಗ್ಗಿಸಿಬಿಟ್ಟೆ. ನಿಮ್ಮನ್ನ ಲೆಕ್ಕಕ್ಕೆ ತಗೋಬಾರದು ಅಂತ ದೊಡ್ಡಮ್ಮ ಮೊದಲೇ ಹೇಳಿದ್ರು. ನಂಗದು ನೆನಪಾಗಲಿಲ್ಲ, ತಪ್ಪು ನಂದೇ."

ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತಿತು. ಮಗು ನೋಡಿದ್ದೂ ಹಾಗೆಯೇ, ಹುಡುಗಿ ನೋಡಿದ್ದೂ ಹಾಗೆಯೇ. ಇಷ್ಟು ವರ್ಷ ತಾನು ಯಾರಿಗೂ ಕಾಣಿಸುವುದಿಲ್ಲ ಎಂದು ಬೀಗಿದ್ದಳು. ಕಾಣಿಸಿದ್ದಳು. ಕಂಡವರು ಅವಳನ್ನು ನಂಬಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎನ್ನುತ್ತಾರೆ. ಅವಳ ಕಥೆ ಅದಕ್ಕಿಂತ ಕೀಳು, ದನ ನುಗ್ಗಿದಾಗ ಬೇಲಿ ಎಷ್ಟು ಹೊತ್ತು ತಡೆಯುತ್ತದೆಂದು ಅಳೆಯುತ್ತ ಕೂತವಳ ಕಥೆ. ಅಲ್ಲೇ ಹೇಳಿಬಿಡಬೇಕಿತ್ತು. ಬದಲಿಗೆ ಹೇಳಿಕೆಗೆ ಸಹಿ ಮಾಡಿಸಿಕೊಂಡು ಮೆಟ್ಟಿಲಿಳಿದಳು. ತಪ್ಪು ನಂದೇ ಎಂಬುದರ ಕೆಳಗೆ ತಪ್ಪು ಮಾಡದವಳ ಸಹಿ.

ಅಂದು ಅಕ್ಕನಿಗೆ ಪೂರ್ತಿ ಹೇಳಿದಳು. ಅಕ್ಕ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಮಗು ನಿನ್ನ ಮುಖ ನೋಡ್ತು ಅಂದ್ಯಲ್ಲ. ಆಗ ನೀನು ಎಲ್ಲಿ ನೋಡ್ದೆ?"

"ಕಿಟಕಿ ಕಡೆ."

ಅಕ್ಕ ಎದ್ದು ಹೋಗಿ ಅನ್ನಕ್ಕೆ ಇಟ್ಟಳು. ಊಟಕ್ಕೆ ಕರೆದಳು, ಬಡಿಸಿದಳು, ಎಂದಿನಂತೆ ಇನ್ನೊಂದು ಸ್ವಲ್ಪ ಎಂದು ಬಲವಂತ ಮಾಡಲಿಲ್ಲ. ಅವಳು ತಟ್ಟೆ ನೋಡುತ್ತ ಉಂಡಳು.

ಬೆಳಗ್ಗೆ ನೇರ ಸಾಹೇಬರ ಕೋಣೆಗೆ ಹೋಗಿ, ಮೊದಲೇ ನೋಡಿದ್ದೆ, ಏಳಲಿಲ್ಲ ಎಂದಳು. ಸಾಹೇಬರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. ಕೆಟ್ಟ ಮನುಷ್ಯರಲ್ಲ; ನಿವೃತ್ತಿಗೆ ಹತ್ತಿರವಾದವರು, ಗಲಾಟೆ ಎಂದರೆ ಮಾರು ದೂರ ನಿಲ್ಲುವವರು.

"ನೀವು ಬಾಗಿಲು ತಳ್ಳಿದ್ರಾ?"

"ಇಲ್ಲ ಸರ್."

"ಮಗೂನ ನೋಡ್ಕೊಳ್ಳೋ ಕೆಲಸ ನಿಮ್ಮದಾ?"

"ಅಲ್ಲ ಸರ್."

"ಮತ್ತೇನು?"

"ಕೈಗೆ ಸಿಗೋ ಹಾಗಿತ್ತು ಸರ್."

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಇದು ಹೊರಗೆ ಬಿದ್ದರೆ ನಾಳೆಯಿಂದ ಯಾವ ಡೇ ಕೇರ್‌ನವರೂ ನಮ್ಮನ್ನು ಒಳಗೆ ಬಿಡುವುದಿಲ್ಲ ಎಂದರು. ನಾವು ಹೋಗದಿದ್ದರೆ ಅಲ್ಲೆಲ್ಲ ಯಾವ ಬಿಸಿನೀರಿನಲ್ಲಿ ಯಾವ ಮಗುವಿನ ಕೈ ಬೇಯುತ್ತದೋ ಯಾರು ಬಲ್ಲರು, ಎರಡು ಬೆರಳಿಗಾಗಿ ಊರ ಮಕ್ಕಳನ್ನೆಲ್ಲ ಬಿಟ್ಟುಕೊಡುತ್ತೀರಾ ಎಂದು ಕೇಳಿದರು. ಹುಡುಗಿಯೂ ತಪ್ಪೊಪ್ಪಿಕೊಂಡಿದ್ದಾಳೆ. ವರದಿಯಲ್ಲಿ ಸುಳ್ಳಿಲ್ಲ. ಓದಿ, ಕೂತುಕೊಳ್ಳಿ. ಅವರ ಮಾತಿನಲ್ಲಿ ತಿರುಳಿತ್ತು, ಅದೇ ಕಷ್ಟ. ಅವಳು ಆ ತಿರುಳನ್ನು ಹಿಡಿದುಕೊಂಡು ಎರಡು ದಿನ ಓಡಾಡಿದಳು. ನೀರಿಗೆ ಬಿದ್ದವರು ಹುಲ್ಲುಕಡ್ಡಿ ಹಿಡಿದ ಹಾಗೆ ಹಿಡಿದಿದ್ದೇನೆ ಎಂದು ತಿಳಿಯುತ್ತಲೂ ಇತ್ತು.

ಸಭೆ ನಡೆದದ್ದು ಡೇ ಕೇರ್‌ನಲ್ಲೇ, ದೊಡ್ಡಮ್ಮನ ಪುಟ್ಟ ಆಫೀಸಿನಲ್ಲಿ. ಪಕ್ಕದ ಆಟದ ಕೋಣೆಯಲ್ಲಿ ದೊಡ್ಡಮ್ಮನ ನಾದಿನಿ ಬಂದು ಮಕ್ಕಳನ್ನು ಸಂಭಾಳಿಸುತ್ತಿದ್ದರು. ಸಾಹೇಬರು ಮೇಜಿನ ಹಿಂದೆ. ಗುಬ್ಬಿಯ ಅಪ್ಪ, ಬ್ಯಾಂಡೇಜು ಕಟ್ಟಿದ ಕೈಯನ್ನು ಎತ್ತಿ ಹಿಡಿದ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಗುಬ್ಬಿಯ ಅಮ್ಮನಿಗೆ ಕಾರ್ಖಾನೆಯಲ್ಲಿ ಪಾಳಿ ತಪ್ಪಿಸಲಾಗಿರಲಿಲ್ಲ. ಚಿಕ್ಕಮ್ಮ ಬಾಗಿಲ ಬಳಿ ನಿಂತಿದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ. ಗುಬ್ಬಿ ಅವಳನ್ನು ನೋಡಿ ತೊಡೆಯಿಂದ ಜಾರಲು ಹೊರಟಿತು. ಅಪ್ಪ ಹಿಡಿದು ಕೂರಿಸಿದ.

ಗೋಡೆ ಮೇಡಂ ಎದ್ದು ನಿಂತು ಓದಿದಳು. ಬಿಸಿನೀರು, ಕಪಾಟು, ಆಟಿಕೆ, ಹರಿದ ಪಟ್ಟಿ. ಪಾಲಕಿ ಬಾಗಿಲ ಕಡೆ ನೋಡಿದರೂ ಎಂಬಲ್ಲಿಗೆ ಬಂದಾಗ ದನಿ ನಿಂತಿತು. ತಲೆಯೆತ್ತಿದಳು. ಗುಬ್ಬಿ ಅವಳ ಮುಖವನ್ನೇ ನೋಡುತ್ತಿತ್ತು. ಈ ಸಲ ಅವಳು ಕಣ್ಣು ತಿರುಗಿಸಲಿಲ್ಲ. ತಿರುಗಿಸದೆ ಇರುವುದಕ್ಕೆ ಮೈಯಲ್ಲಿದ್ದ ಶಕ್ತಿಯೆಲ್ಲ ಬೇಕಾಯಿತು.

"ಇಲ್ಲಿ ಒಂದು ಸಾಲು ಬಿಟ್ಟಿದೀನಿ. ಆ ಬಾಗಿಲ ಪಕ್ಕ ನಾನು ಕೂತಿದ್ದೆ. ಮಗು ಬೆರಳು ಹಾಕಿದ್ದನ್ನ ಎಲ್ಲರಿಗಿಂತ ಮೊದಲು ನೋಡಿದ್ದು ನಾನು. ಇವಳು ಎಷ್ಟು ಬೇಗ ನೋಡ್ತಾಳೆ ಅಂತ ಅಳೀತಾ ಕೂತೆ."

ಸಾಹೇಬರ ಕೈ ಕನ್ನಡಕಕ್ಕೆ ಹೋಗಿ ಅಲ್ಲೇ ನಿಂತಿತು. ದೊಡ್ಡಮ್ಮ, ಏನಂದ್ರಿ ಎಂದು ಕಿವಿ ಮುಂದೆ ಮಾಡಿದರು, ಕೇಳಿಸಿರಲಿಲ್ಲ ಎಂದಲ್ಲ. ಗುಬ್ಬಿಯ ಅಪ್ಪ ಮಾತ್ರ ಬಹಳ ಮೆಲ್ಲಗೆ ಕೇಳಿದ.

"ನೋಡ್ತಾ ಇದ್ರಾ?"

"ಹೌದು."

"ಎಷ್ಟು ಹೊತ್ತು?"

"ಎದ್ದು ಬರೋಕೆ ಸಾಕಾಗುವಷ್ಟು."

ಅವನು ಮಗಳ ಬ್ಯಾಂಡೇಜಿನ ಮೇಲೆ ತನ್ನ ಅಂಗೈ ಮುಚ್ಚಿದ, ಈಗಲೂ ಯಾರೋ ಅದನ್ನು ನೋಡುತ್ತಿದ್ದಾರೆ ಎನ್ನುವ ಹಾಗೆ. ತಾನು ಬಸ್ಸು ಓಡಿಸುವವನು ಎಂದ. ಅಡ್ಡ ಬಂದ ಮಗುವನ್ನು ನೋಡಿಯೂ, ಹಿಂದಿನ ಗಾಡಿಯವನು ಬ್ರೇಕ್ ಹಾಕುತ್ತಾನಾ ನೋಡೋಣ ಎಂದು ಕೂರುವ ಡ್ರೈವರನ್ನು ತಾನು ಇನ್ನೂ ಕಂಡಿಲ್ಲ ಎಂದ. ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕೊನೆಗೆ, ಆಸ್ಪತ್ರೆಯಲ್ಲಿ ಆಡಿದ ಮಾತು ವಾಪಸ್ ತಗೊಂಡೆ ಎಂದಷ್ಟೇ ಹೇಳಿ ಮುಖ ಆ ಕಡೆ ಮಾಡಿದ.

ಸಾಹೇಬರು, ಹಾಗಾದರೆ ಪಾಲಕಿಯ ಮೇಲಿನ ದೋಷ ನಿಲ್ಲುವುದಿಲ್ಲ, ಅವಳ ಪರವಾನಗಿ ಹಾಗೇ ಇರುತ್ತದೆ, ಉಳಿದದ್ದನ್ನು ಕಚೇರಿ ನೋಡಿಕೊಳ್ಳುತ್ತದೆ ಎಂದರು. ಉಳಿದದ್ದು ಎಂದಾಗ ಗೋಡೆ ಮೇಡಂ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ತನ್ನ ಸ್ಟೂಲ್ ಇನ್ನು ಬೇರೆಯವರಿಗೆ ಹೋಗುತ್ತದೆಂದು ಅವಳಿಗೆ ತಿಳಿದಿತ್ತು.

ಹೇಳಿದ ಮೇಲೆ ಎದೆಯ ಭಾರ ಇಳಿಯುತ್ತದೆ ಎನ್ನುತ್ತಾರೆ. ಅವಳಿಗೆ ಇಳಿಯಲಿಲ್ಲ. ಚಿಕ್ಕಮ್ಮನಾದರೂ ಒಮ್ಮೆ ತನ್ನ ಕಡೆ ನೋಡುತ್ತಾಳೇನೋ ಎಂದು ಆಸೆಪಟ್ಟಳು, ಆಸೆಪಟ್ಟದ್ದಕ್ಕೆ ಮತ್ತೆ ನಾಚಿದಳು. ಚಿಕ್ಕಮ್ಮ ಗೋಡೆ ಹಿಡಿದು ನಿಂತಿದ್ದಳು. ಮುಖದಲ್ಲಿ ಕೃತಜ್ಞತೆಯಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಎಲ್ಲಿಟ್ಟಿದ್ದಳೋ ಮರೆತಿದ್ದ ಸಿಟ್ಟು ಈಗ ಸಿಕ್ಕಿತ್ತು.

"ಮೊನ್ನೆ ಮನೆಗೆ ಬಂದ್ರಲ್ಲ ಮೇಡಂ. ನನ್ನ ಎದುರಿಗೇ ಕೂತು ಬರ್ಕೊಂಡ್ರಲ್ಲ. ಇಷ್ಟು ದಿನ ನಾನು ನನ್ನ ಕಣ್ಣಿಗೇ ಶಾಪ ಹಾಕ್ತಿದ್ದೆ."

ಗೋಡೆ ಮೇಡಂ ಹಾಳೆಗಳನ್ನು ಮಡಿಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಏನೋ ದಡ್ಡೆಂದು ಬಿದ್ದ ಸದ್ದಾಯಿತು, ಹಿಂದೆಯೇ ಮಗುವಿನ ಅಳು. ಎಲ್ಲರಿಗಿಂತ ಮೊದಲು ಎದ್ದವಳು ಗೋಡೆ ಮೇಡಂ. ಎದ್ದದ್ದು ಅವಳಿಗೇ ತಿಳಿದಿರಲಿಲ್ಲ; ಹಾಳೆಗಳು ಮಡಿಲಿಂದ ನೆಲಕ್ಕೆ ಚೆಲ್ಲಿದ್ದವು, ಕಾಲು ಆಗಲೇ ಬಾಗಿಲಿನಲ್ಲಿತ್ತು.

ಚಿಕ್ಕಮ್ಮ ಕೈಯನ್ನು ಅಡ್ಡ ಚಾಚಿದಳು. ಮುಟ್ಟಲಿಲ್ಲ, ಚಾಚಿದಳು ಅಷ್ಟೆ.

"ನೀವು ಕೂತ್ಕೊಳ್ಳಿ ಮೇಡಂ. ನಾನಿದೀನಿ."

ಹಾಗೆಂದು ಒಳಗೆ ಹೋದಳು. ಅಳು ಮೆಲ್ಲಗಾಯಿತು, ಬಿಕ್ಕಳಿಕೆಯಾಯಿತು, ನಿಂತಿತು. ಗೋಡೆ ಮೇಡಂ ತಿರುಗಿ ಬಂದು, ಯಾರ ಮುಖವನ್ನೂ ನೋಡದೆ, ಹೇಳಿದ ಜಾಗದಲ್ಲಿ ಕೂತಳು.